ಹೊಳೆಗದ್ದೆಯ ಕಳೆ

ಪದ್ಮಾಕ್ಷಿ ಕೊನೆಯ ಮುದ್ದೆ ಕೆಸರನ್ನು ಹುಣಿಯ ಕಂಡಿಗೆ ತುರುಕಿ ಹಿಮ್ಮಡಿಯಿಂದ ಒತ್ತುತ್ತಿದ್ದಾಗ ಹಿಂದಿನಿಂದ ಜುಲೈಕಾಳ ಸ್ವರ ಕೇಳಿತು.

“ಎಂತ ಮಾರಾಯ್ತಿ, ಆಟಿಯ ಮಳೆಗೆ ಯಾರಾದರೂ ಗದ್ದೆಯ ಕಂಡಿ ಮುಚ್ತಾರಾ?”

ಪದ್ಮಾಕ್ಷಿ ತಿರುಗಿ ನೋಡಲಿಲ್ಲ. ಗದ್ದೆಯ ನೀರು ತೋಡಿಗೆ ಹರಿದುಹೋಗುವ ಆ ಬಾಯಿ ಇನ್ನೂ ಬೆರಳಿನಷ್ಟು ಸೋರುತ್ತಿತ್ತು. ಬೈಹುಲ್ಲನ್ನು ಸುತ್ತಿ ಅಲ್ಲಿಗೂ ತುರುಕಿದಳು. ಸೋರುವುದು ನಿಂತಿತು.

“ಕಳೆಯನ್ನು ಮುಳುಗಿಸುವುದು ಜುಲೈಕಕ್ಕ. ನೀರಿನಡಿಯಲ್ಲಿದ್ದರೆ ಕೊಳೆತು ಸಾಯ್ತದೆ. ನಾರಾವಿಯಲ್ಲಿ ನಮ್ಮ ದೊಡ್ಡಪ್ಪ ಯಾವಾಗಲೂ ಹೇಳ್ತಿದ್ರು.”

“ಅವರು ಮಾಡಿ ನೋಡಿದ್ದಾರಾ?”

“ಇಲ್ಲ. ನಮ್ಮದು ಗುಡ್ಡೆಬದಿಯ ಗದ್ದೆ. ಅಲ್ಲಿ ನೀರು ನಿಲ್ಲುವುದೇ ಇಲ್ಲ.”

ಜುಲೈಕಾ ಸೊಂಟಕ್ಕೆ ಕೈಕೊಟ್ಟು ನಕ್ಕಳು. ಅವಳ ಗಂಡ ಉಮ್ಮರನ ಗದ್ದೆ ಪಕ್ಕದ್ದೇ. ನಡುವೆ ಮಣ್ಣಿನ ಬದುವಿನಂಥ ಒಂದು ಹುಣಿ ಮಾತ್ರ. “ಹಾಗಾದರೆ ನೋಡಿದವರು ಯಾರೂ ಇಲ್ಲ ಅಂತಾಯ್ತು. ಸೇಸಕ್ಕನಿಗೆ ಗೊತ್ತುಂಟಾ?”

“ನೀವು ಹೇಳದಿದ್ದರೆ ಗೊತ್ತಾಗುವುದಿಲ್ಲ.”

ಮದುವೆಯಾದ ಮೊದಲ ವರ್ಷ ಹೆಣ್ಣು ಆಟಿ ತಿಂಗಳಲ್ಲಿ ತವರಿಗೆ ಹೋಗಿ ಕೂರುವುದು ಕ್ರಮ. ಅತ್ತೆ ಸೇಸಮ್ಮ ಅದಕ್ಕೆ ಬೇಡವೆಂದಿರಲಿಲ್ಲ. “ಹೋಗು. ಹೊಳೆಗದ್ದೆಯ ಕಳೆ ಮುಗಿಸಿ ಹೋಗು. ಒಂದು ಹುಲ್ಲು ಉಳಿಯಬಾರದು,” ಎಂದಿದ್ದಳು, ಅಷ್ಟೆ. ನೇತ್ರಾವತಿಯ ಬದಿಗಿದ್ದ ಆ ಗದ್ದೆ ಪಾಣೆಮಂಗಳೂರಿನ ಆ ಸುತ್ತಿನಲ್ಲೇ ದೊಡ್ಡದು. ಕಳೆ ತೆಗೆಯುವ ಹೆಂಗಸರೆಲ್ಲ ಧಣಿಗಳ ಗದ್ದೆಗೆ ಹೋಗಿದ್ದರು. ಗಂಡ ವೆಂಕಪ್ಪ ಹಂಚು ಸಾಗಿಸುವ ದೋಣಿಯಲ್ಲಿ ಮಂಗಳೂರಿಗೆ ಹೋದರೆ ವಾರಕ್ಕೊಮ್ಮೆ ಮನೆಗೆ ಬರುವವನು; ಬಂದಾಗಲೂ ಕಳೆ ಹೆಂಗಸರ ವಿಷಯವೆಂದು ಸುಮ್ಮನಿರುತ್ತಿದ್ದ. ಉಳಿದವರು ಅತ್ತೆ ಮತ್ತು ಸೊಸೆ. ಮಳೆ ತಾಗದ ಹಾಗೆ ಬೆನ್ನ ಮೇಲೆ ಓಲೆಯ ಗೊರಬೆ ಹಾಕಿಕೊಂಡು ಬಗ್ಗಿದರೆ ಸೇಸಮ್ಮನ ಬಾಯಿ ಒಂದು ಗಳಿಗೆ ನಿಲ್ಲುತ್ತಿರಲಿಲ್ಲ. ಊರಿನ ಎಲ್ಲ ಮನೆಗಳ ಮದುವೆ, ಜಗಳ, ಓಡಿಹೋದವರು, ಮರಳಿ ಬಂದವರು, ಎಲ್ಲವೂ ಒಂದೊಂದು ಸಾಲು ಮುಗಿಯುವಷ್ಟರಲ್ಲಿ ಬಂದುಹೋಗುತ್ತಿದ್ದವು. ಆದರೆ ಗದ್ದೆಯ ಈ ತುದಿ ಮುಗಿಯುವಾಗ ಆ ತುದಿ ಮತ್ತೆ ಹಸುರಾಗುತ್ತಿತ್ತು.

ಪದ್ಮಾಕ್ಷಿಯ ಕಾಲ್ಬೆರಳ ಸಂದುಗಳು ಕೆಸರಿನಲ್ಲಿ ಬಿಳಿಚಿ ಬಿರಿದಿದ್ದವು. ತಾಯಿಯ ನೆನಪು ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಅವಳಿಗೆ ಬೇಕಾಗಿದ್ದದ್ದು ಒಣಗಿದ ಕಾಲು. ಅಣ್ಣ ರುಕ್ಮಯ್ಯ ಭಾನುವಾರ ಕರೆಯಲು ಬರುವವನಿದ್ದ. ಬರಿಗೈಯಲ್ಲಿ ಅವನನ್ನು ಹಿಂದೆ ಕಳಿಸಿದರೆ ಆಟಿ ಕಳೆದ ಹಾಗೆಯೇ. ಮೊದಲ ವರ್ಷದ ಆಟಿ ಮತ್ತೆ ಬರುವುದಿಲ್ಲ.

ಕಂಡಿ ಮುಚ್ಚಿದ ಮರುದಿನವೇ ಘಟ್ಟದ ಮೇಲೆ ಮಳೆ ಹಿಡಿಯಿತು. ಚಾರ್ಮಾಡಿಯ ಕಡೆಯ ಮಣ್ಣನ್ನೆಲ್ಲ ಹೊತ್ತುಕೊಂಡು ಹೊಳೆ ಕೆಂಪಾಗಿ ಬಂತು. ತೋಡಿನಲ್ಲಿ ನೀರು ಹಿಂದಕ್ಕೆ ಹರಿಯಿತು. ಪೇಟೆಯ ಬೆಲ್ಲದ ಅಂಗಡಿಯ ಗೋಡೆಯಲ್ಲಿ ಹಿಂದಿನ ಓಟಿನ ಕಾಲಕ್ಕೆ ಬರೆದ ಜೋಡೆತ್ತಿನ ಚಿತ್ರವೊಂದು ಇನ್ನೂ ಮಾಸದೆ ಇತ್ತು. ನೀರು ಮೊದಲು ಎತ್ತುಗಳ ಗೊರಸಿಗೆ ಬಂತು, ಮಧ್ಯಾಹ್ನಕ್ಕೆ ಮೊಣಕಾಲಿಗೆ ಬಂತು. ಹೊಟ್ಟೆಗೆ ಮುಟ್ಟುತ್ತದೋ ಇಲ್ಲವೋ ಎಂದು ಗಂಡಸರು ಜಗಲಿಗಳಲ್ಲಿ ನಿಂತು ಬೀಡಿ ಪಂಥ ಕಟ್ಟಿದರು. ಹೊಳೆಗದ್ದೆ, ಉಮ್ಮರನ ಗದ್ದೆ, ನಡುವಿನ ಹುಣಿ ಯಾವುದೂ ಕಾಣಲಿಲ್ಲ.

ಸೇಸಮ್ಮ ಜಗಲಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ತೀಡುತ್ತಿದ್ದಳು.

“ಮಾಮಿ, ನಾವು ನೆಟ್ಟ ನೇಜಿ ಎಂತಾಗ್ತದೆ?”

“ಎಂತಾಗುವುದು? ಹೊಳೆ ಬಾರದ ವರ್ಷ ಉಂಟಾ? ಅದಕ್ಕೇ ಈ ಗದ್ದೆಗೆ ಬೇರೆ ಬೀಜ ಇಡುವುದು. ನಾಲ್ಕು ದಿನ ಮುಳುಗಿದರೂ ಉದ್ದ ಬೆಳೆದು ತಲೆ ಎತ್ತಿಕೊಂಡು ಬರ್ತದೆ.”

“ಅದಕ್ಕಿಂತ ಹೆಚ್ಚಾದರೆ?”

“ಹೆಚ್ಚು ಯಾಕೆ ಆಗ್ತದೆ? ಹೊಳೆ ಇಳಿದರೆ ನೀರು ಕಂಡಿಯಲ್ಲಿ ಹೋಗ್ತದೆ.”

ಪದ್ಮಾಕ್ಷಿ ಒಳಗೆ ಹೋಗಿ ಗಂಜಿ ಬಡಿಸಿದಳು. ಊಟಕ್ಕೆ ಕೂತಾಗ ಅವಳದ್ದು ಅರ್ಧ ಉಳಿಯಿತು.

ಹೊಳೆ ಇಳಿಯಿತು. ಭಾನುವಾರ ಬೆಳಿಗ್ಗೆ ಸೇಸಮ್ಮ ಅಂಗಳದ ತುದಿಗೆ ಬಂದು ಕಣ್ಣು ಕಿರಿದಾಗಿಸಿ ನೋಡಿದಳು. ಉಮ್ಮರನ ಗದ್ದೆಯಲ್ಲಿ ನೀರು ಬರಿದಾಗಿತ್ತು. ತಮ್ಮದು ಮಾತ್ರ ಕೆರೆಯ ಹಾಗೆ ತುಂಬಿಕೊಂಡು ಹೊಳೆಯುತ್ತಿತ್ತು.

“ಇದೆಂತ, ನಮ್ಮದು ಮಾತ್ರ ಇಳಿಯದ್ದು?”

“ಕಂಡಿ ನಾನು ಮುಚ್ಚಿದ್ದು ಮಾಮಿ,” ಎಂದಳು ಪದ್ಮಾಕ್ಷಿ. “ಕಳೆ ಸಾಯಲಿ ಅಂತ. ಬೇಗ ಊರಿಗೆ ಹೋಗಬಹುದು ಅಂತ.”

ಸೇಸಮ್ಮ ಬೈಯಲಿಲ್ಲ. ಬೈಗುಳಕ್ಕೆ ಎಂದೂ ಬರವಿಲ್ಲದ ಹೆಂಗಸು ಬಾಯಿ ಮುಚ್ಚಿ ಹಾರೆ ಹೆಗಲಿಗೇರಿಸಿದ್ದನ್ನು ನೋಡಿಯೇ ಪದ್ಮಾಕ್ಷಿಗೆ ಹೆದರಿಕೆಯಾಯಿತು. ಇಬ್ಬರೂ ಜಾರುವ ಹುಣಿಯ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದರು.

ಗದ್ದೆಯ ಹತ್ತಿರ ಬಂದಾಗ ಸೇಸಮ್ಮ ನಿಂತಳು. ಉಮ್ಮರನ ಗದ್ದೆಯಲ್ಲಿ ಉದ್ದವಾಗಿ ಬೆಳೆದಿದ್ದ ಪೈರು ನೀರು ಒಮ್ಮೆಲೇ ಹೋದದ್ದರಿಂದ ಆಧಾರವಿಲ್ಲದೆ, ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ ಒಂದೇ ಕಡೆಗೆ ಅಂಟಿ ಮಲಗಿತ್ತು. ಇತ್ತ ತಮ್ಮ ಗದ್ದೆಯಲ್ಲಿ ನೀರು ಪೈರನ್ನು ಹಿಡಿದುಕೊಂಡಿತ್ತು. ತುದಿಗಳು ಹಳದಿ ಬಣ್ಣಕ್ಕೆ ತಿರುಗಿದ್ದರೂ ನೀರಿನ ಮೇಲೆ ಎದ್ದಿದ್ದವು. ಸೇಸಮ್ಮ ಸೀರೆ ಎತ್ತಿಕಟ್ಟಿ ಇಳಿದಳು. ಕೈ ಮೊಣಗಂಟಿನವರೆಗೆ ಹಾಕಿ ಬುಡದಲ್ಲಿ ತಡಕಿದಳು. ಬಂದದ್ದು ಒಂದು ಹಿಡಿ ಕೊಳೆತ ಕಳೆ. ಲೋಳೆಯಾಗಿ ಬೆರಳಿನಿಂದ ಜಾರಿತು. ಮೂಗಿನ ಹತ್ತಿರ ಹಿಡಿದು ನೋಡಿದಳು. ಇನ್ನೊಂದು ಕಡೆ ತಡಕಿದಳು. ಅಲ್ಲೂ ಅದೇ.

ಪದ್ಮಾಕ್ಷಿ ಆಗಲೇ ಹಾರೆ ಹಿಡಿದು ಕಂಡಿಯ ಕೆಸರು ಅಗೆಯತೊಡಗಿದ್ದಳು.

“ಪೂರಾ ತೆಗೆಯಬೇಡ!” ಸೇಸಮ್ಮ ಕೂಗಿದಳು. “ಒಂದು ಗೇಣು ಬಿಡು. ನಿಧಾನಕ್ಕೆ ಹೋಗಲಿ. ಅವರದ್ದರ ಹಾಗೆ ಮಲಗಿಸ್ತೀಯಾ?”

ಅಷ್ಟರಲ್ಲಿ ಜುಲೈಕಾ ಬಂದಳು. ತನ್ನ ಗದ್ದೆ ನೋಡಿದಳು, ಇವರದ್ದು ನೋಡಿದಳು.

“ಸೇಸಕ್ಕ, ನಮ್ಮದು ಪೂರಾ ಮಲಗಿತು. ನಿಮ್ಮದು ಹೇಗೆ ನಿಂತದ್ದು?”

“ಕಂಡಿ ಮುಚ್ಚಿದ್ದೆ,” ಎಂದಳು ಸೇಸಮ್ಮ, ಕೈ ತೊಳೆಯುತ್ತ. “ಕಳೆಗೂ ಒಳ್ಳೆಯದು, ಪೈರಿಗೂ ಒಳ್ಳೆಯದು.”

“ನೀವು ಮುಚ್ಚಿದ್ದಾ?”

“ನಾನಲ್ಲದೆ ಮತ್ಯಾರು? ಈ ಗುಡ್ಡೆಯ ಹೆಣ್ಣಿಗೆ ನೀರಿನ ವಿಷಯ ಎಂತ ಗೊತ್ತುಂಟು?”

ಜುಲೈಕಾ ಪದ್ಮಾಕ್ಷಿಯ ಮುಖ ನೋಡಿದಳು. ಪದ್ಮಾಕ್ಷಿ ಹಾರೆಯ ಹಿಡಿಯನ್ನೇ ನೋಡುತ್ತಿದ್ದಳು. “ಹೌದೌದು,” ಎಂದಳು ಜುಲೈಕಾ. “ನಿಮಗೆ ಗೊತ್ತಿಲ್ಲದ್ದು ಉಂಟಾ?”

ಆದರೆ ಎಲ್ಲ ಕಳೆಯೂ ಸತ್ತಿರಲಿಲ್ಲ. ಪೈರಿನ ಹಾಗೆಯೇ ಕಾಣುವ ಒಂದು ಜಾತಿಯ ಹುಲ್ಲು, ಎಲೆಯ ಬುಡವನ್ನು ಬೆರಳಿನಿಂದ ತೀಡಿ ನೋಡಿದರೆ ಮಾತ್ರ ಗುರುತು ಸಿಗುವಂಥದ್ದು, ನೀರು ಕುಡಿದು ಇನ್ನಷ್ಟು ಕೊಬ್ಬಿ ಗದ್ದೆಯುದ್ದಕ್ಕೂ ಅಲ್ಲಲ್ಲಿ ನಿಂತಿತ್ತು.

“ಇದು ಮುಳುಗಿ ಸಾಯುವ ಜಾತಿ ಅಲ್ಲ,” ಎಂದಳು ಸೇಸಮ್ಮ. “ಇದು ಇರುವಾಗ ಕಳೆ ಮುಗಿಯಿತು ಅಂತ ಹೇಳ್ಲಿಕ್ಕಾಗ್ತದಾ?”

ಬಾಯಿ ತೆರೆದಿದ್ದರೆ ಪದ್ಮಾಕ್ಷಿ ಅತ್ತುಬಿಡುತ್ತಿದ್ದಳು. ಗೊರಬೆ ತರಲು ಮನೆಯ ಕಡೆ ತಿರುಗಿದರೆ ಹುಣಿಯ ಮೇಲೆ ರುಕ್ಮಯ್ಯ ಬರುತ್ತಿದ್ದ. ಬಂಟ್ವಾಳ ಪೇಟೆಯ ನೀರು ಇಳಿಯದೆ ಬಸ್ಸು ಬಿಟ್ಟಿರಲಿಲ್ಲವಂತೆ. ಹಿಂದಿನ ದಿನ ಮೂಡುಬಿದಿರೆಯಲ್ಲೇ ಉಳಿದು ಹೊರಟಿದ್ದ. ಪಂಚೆ ಮೊಣಕಾಲಿನವರೆಗೆ ಕೆಸರು, ಕಂಕುಳಲ್ಲಿ ಕೊಡೆ, ಹೆಗಲಲ್ಲಿ ಬೇಯಿಸಿ ಒಣಗಿಸಿದ ಹಲಸಿನ ಬೀಜದ ಚೀಲ.

“ಎಂತ ಅಳುಮುಖ?” ಎಂದ ತಂಗಿಗೆ.

ಅವಳು ಎರಡು ಮಾತಿನಲ್ಲಿ ಹೇಳಿದಳು. ರುಕ್ಮಯ್ಯ ಚೀಲವನ್ನು ಜುಲೈಕಾಳ ಕೈಗೆ ಕೊಟ್ಟ. ಕೊಡೆಯನ್ನು ಹುಣಿಗೆ ಕುತ್ತಿ ನಿಲ್ಲಿಸಿದ. ಪಂಚೆ ಎತ್ತಿಕಟ್ಟಿ ಗದ್ದೆಗೆ ಇಳಿದ.

ಸೇಸಮ್ಮನಿಗೆ ಬೇರೆ ಯಾವುದಕ್ಕೂ ಅಷ್ಟು ಗಾಬರಿಯಾಗಿರಲಿಲ್ಲ. “ಏಯ್, ಮೇಲೆ ಬಾ. ಗಂಡಸು ಕಳೆ ತೆಗೆಯುವುದಾ? ಅದೂ ಸೊಸೆಯ ಅಣ್ಣ. ಕರೆಯಲಿಕ್ಕೆ ಬಂದವರ ಕೈಯಲ್ಲಿ ಕೆಲಸ ಮಾಡಿಸಿದಳು ಅಂತ ನಾಳೆ ಪೇಟೆಯಿಡೀ ಹೇಳ್ತದೆ.”

“ಯಾರೂ ಹೇಳುವುದಿಲ್ಲ ಮಾಮಿ,” ಎಂದ ರುಕ್ಮಯ್ಯ.

“ನಾನು ಹೇಳ್ತೇನೆ,” ಎಂದಳು ಜುಲೈಕಾ, ಚೀಲದೊಳಗೆ ಕೈ ಹಾಕಿ ಒಂದು ಬೀಜ ಬಾಯಿಗೆಸೆದುಕೊಂಡು.

ರುಕ್ಮಯ್ಯ ಎರಡೂ ಕೈಯಲ್ಲಿ ಕಿತ್ತ. ಒಂದು ಕಟ್ಟು ಹುಣಿಯ ಮೇಲೆ ಬಂದು ಬಿತ್ತು. ಸೇಸಮ್ಮ ಅದರಿಂದ ಒಂದು ಕಡ್ಡಿ ಎತ್ತಿ ಎಲೆಯ ಬುಡ ತೀಡಿದಳು. ಬೆರಳಿಗೆ ಸಣ್ಣ ರೋಮ ತಾಗಿತು. ಇನ್ನೊಂದು ತೀಡಿದಳು. ಅದರಲ್ಲೂ ರೋಮ. ಹುಲ್ಲಿಗೆ ಅದು ಇರುವುದಿಲ್ಲ. ಕಟ್ಟಿನ ಅರ್ಧಕ್ಕರ್ಧ ಭತ್ತದ ಪೈರು.

“ಮೇಲೆ ಬಾ ಮಗಾ,” ಎಂದಳು ಅಳುವವಳ ಹಾಗೆ. “ಅವಳು ಮುಳುಗಿಸಿದಳು, ನೀನು ಕೀಳ್ತಿ. ಇಬ್ಬರೂ ಇವತ್ತೇ ಊರಿಗೆ ಹೋಗಿ ಮಾರಾಯ. ನನ್ನ ಗದ್ದೆಯಾದರೂ ಉಳಿಯಲಿ.”

“ಮುಳುಗಿಸಿದ್ದು ಸೊಸೆಯಾ?” ಜುಲೈಕಾ ಕೇಳಿದಳು. “ಈಗ ನೀವೇ ಅಂದ್ರಿ ಅಲ್ವಾ?”

ಸೇಸಮ್ಮ ಬಾಯಿಯಲ್ಲಿದ್ದದ್ದನ್ನು ತೋಡಿಗೆ ಉಗುಳಿದಳು. “ನೀನು ನಿನ್ನ ಮಲಗಿದ ಗದ್ದೆ ನೋಡು,” ಎಂದಳು. ಹೇಳಿ ಮುಗಿಸುವ ಮೊದಲೇ ಅವಳಿಗೇ ನಗು ಬಂತು. ಪದ್ಮಾಕ್ಷಿಗೆ ಮೊದಲು ನಗಬಹುದೋ ಬಾರದೋ ಎಂದು ತಿಳಿಯಲಿಲ್ಲ. ಆಮೇಲೆ ತಡೆಯಲಾಗದೆ ಹುಣಿಯ ಮೇಲೆ ಕುಕ್ಕರಿಸಿ ಕೂತು ನಕ್ಕಳು. ಗದ್ದೆಯ ನಡುವೆ ರುಕ್ಮಯ್ಯ ಒಂದು ಕೈಯಲ್ಲಿ ಹುಲ್ಲು, ಇನ್ನೊಂದರಲ್ಲಿ ಪೈರು ಹಿಡಿದು, ಯಾವುದು ಯಾವುದೆಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ಮಧ್ಯಾಹ್ನದ ಊಟ ಮಾಡಿಸದೆ ಸೇಸಮ್ಮ ಬಿಡಲಿಲ್ಲ. ಅಣ್ಣತಂಗಿ ಸೇತುವೆಗೆ ಬಂದಾಗ ಮಳೆ ನಿಂತು ಹೊಳವಾಗಿತ್ತು. ರುಕ್ಮಯ್ಯ ಬಸ್ಸು ತಪ್ಪುತ್ತದೆಂದು ಮುಂದೆ ಮುಂದೆ ನಡೆದ. ಪದ್ಮಾಕ್ಷಿ ಸೇತುವೆಯ ನಡುವೆ ಒಮ್ಮೆ ನಿಂತಳು.

ದೂರದ ಹೊಳೆಗದ್ದೆಯಲ್ಲಿ ಎರಡು ಗೊರಬೆಗಳು, ಅತ್ತೆಯದು ಮತ್ತು ಜುಲೈಕಾಳದು, ಕಾಣುತ್ತಿದ್ದವು. ಮುಂದಿನದು ಒಂದಿಷ್ಟು ಸರಿಯುತ್ತಿತ್ತು, ನಿಲ್ಲುತ್ತಿತ್ತು, ಹಿಂದಿನದರ ಕಡೆಗೆ ತಿರುಗುತ್ತಿತ್ತು, ಏನೋ ಹೇಳುತ್ತಿದ್ದಂತಿತ್ತು. ಅವುಗಳ ಹಿಂದೆ ಒಂದು ಬೆಳ್ಳಕ್ಕಿ. ಗೊರಬೆಗಳು ನಿಂತಾಗ ಅದೂ ಒಂದು ಕಾಲು ಎತ್ತಿ ನಿಲ್ಲುತ್ತಿತ್ತು. ಅವು ಸರಿದಾಗ ತಾನೂ ಸರಿಯುತ್ತಿತ್ತು.