ಕಪ್ಪು ಬಣ್ಣದ ಬ್ರೇಕ್ ಪೈಪು

ಶಹಾಬಾದದ ಮನೆಯಂಗಳದಲ್ಲಿ ತನ್ನ ಸರಕು ಸಾಗಿಸುವ ಮೋಟಾರಿನ ಗಾಲಿಗಳಿಗೆ ಕಲ್ಲು ಕೊಟ್ಟು, ಸಾಯಬಣ್ಣ ಅದರಡಿ ಮಲಗಿ ಬ್ರೇಕಿನ ಪೈಪು ಬಿಚ್ಚುತ್ತಿದ್ದ. ಹೆಂಡತಿ ಸೂಗಮ್ಮ ಪಕ್ಕದಲ್ಲಿ ಕೂತು ನಟ್ಟು ಬಿಚ್ಚುವ ಪಾನಾ ಕೊಡುತ್ತಿದ್ದಳು.

ಹಿಂದಿನ ದಿನ ಕಲ್ಲಿನ ಖಣಿಯಿಂದ ನೆಲಕ್ಕೆ ಹಾಸುವ ಫರ್ಸಿಕಲ್ಲು ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ ಬ್ರೇಕಿನ ಪೆಡಲು ಏಕಾಏಕಿ ಕೆಳಗೆ ಕುಸಿದಿತ್ತು. ಕೈಬ್ರೇಕಿಗೆ ಆ ಭಾರ ನಿಲ್ಲಲಿಲ್ಲ. ಎದುರಿಗೆ ಎತ್ತಿನ ಬಂಡಿಗಳು. ಸಾಯಬಣ್ಣ ಬೇರೆ ದಾರಿ ಕಾಣದೆ ಕಲ್ಲುಚೂರಿನ ಗುಡ್ಡೆಗೆ ಮೋಟಾರು ನುಗ್ಗಿಸಿ ನಿಲ್ಲಿಸಿದ. ಫರ್ಸಿಯ ಮೇಲೆ ಕೂತು ಮನೆಗೆ ಹೊರಟಿದ್ದ ಖಣಿಯ ಹೆಂಗಸರಲ್ಲಿ ಆಶಾಬಿಯ ಕಾಲಿನ ಮೇಲೆ ಕಲ್ಲು ಜಾರಿ, ಮೂಳೆ ಮುರಿಯಿತು.

"ಹೋದ ತಿಂಗಳಷ್ಟೇ ಹೊಸಾ ಪೈಪ್ ಹಾಕೀರಿ. ಎಲ್ಲೋ ಸಡಿಲ ಬಿಟ್ಟೀರೇನು?" ಎಂದಳು ಸೂಗಮ್ಮ.

ಅವನಿಗೂ ಅದೇ ಅನುಮಾನ ಕೊರೆಯುತ್ತಿತ್ತು. ಮಹಾಯುದ್ಧದಿಂದಾಗಿ ಮೋಟಾರಿನ ಸಾಮಾನು ಸಿಗದ ಕಾಲ. ಆ ಪೈಪು ತಂದುಕೊಟ್ಟವನು ಸೂಗಮ್ಮನ ತಮ್ಮ ಗುರುಲಿಂಗಪ್ಪ. ವಾಡಿಯಲ್ಲಿ ಸಾಮಾನಿನ ಅಂಗಡಿ ಇಟ್ಟಿದ್ದ. "ಹೈದರಾಬಾದಿನಿಂದ ತರಿಸೀನಿ ಮಾವ, ಪಕ್ಕಾ ಹೊಸಾದು" ಎಂದಿದ್ದ. ತಾಯಿ ತೀರಿದ ಮೇಲೆ ಅವನನ್ನು ಈ ಮನೆಯಲ್ಲೇ ಸಾಕಿ, ಕೈಗೆ ಪಾನಾ ಕೊಟ್ಟು ಕೆಲಸ ಕಲಿಸಿದವನು ಸಾಯಬಣ್ಣ.

ಬಿಚ್ಚಿದ ಪೈಪನ್ನು ಸೀಮೆಎಣ್ಣೆಯ ಅರಿವೆಯಿಂದ ಒರೆಸಿದಾಗ ಕಪ್ಪು ಬಣ್ಣ ಕಿತ್ತುಬಂತು. ಅಡಿಯಲ್ಲಿ ಬೆಸುಗೆಯ ತೇಪೆ. ಅದು ಬಿರಿದೇ ಬ್ರೇಕಿನ ಎಣ್ಣೆ ಸೋರಿತ್ತು. ಇನ್ನಷ್ಟು ಒರೆಸಿದಾಗ ಒಂದು ಸೊಟ್ಟ ಬಾಗು ಕಂಡಿತು. ಸಾಯಬಣ್ಣನ ಕೈ ನಿಂತಿತು. ಹಿಂದೊಮ್ಮೆ ಮೊಣಕಾಲಿಗೆ ಒತ್ತಿ ಅದನ್ನು ತಾನೇ ಬಗ್ಗಿಸಿದ್ದ. ಸವೆಯಿತೆಂದು ಬಿಚ್ಚಿ, ಗುಜರಿಗೆ ಹಾಕೆಂದು ಗುರುಲಿಂಗಪ್ಪನ ಕೈಗೇ ಕೊಟ್ಟಿದ್ದ.

"ಇದು ನಂದೇ ಹಳೀ ಪೈಪು," ಎಂದ.

ಸುದ್ದಿ ಕೇಳಿ ಮಧ್ಯಾಹ್ನ ಗುರುಲಿಂಗಪ್ಪನೇ ಬಂದ. ಅಂಗಳದಲ್ಲಿ ಬಿದ್ದಿದ್ದ ಪೈಪು ನೋಡಿ ಅವನ ಮುಖ ಇಳಿಯಿತು.

"ಬಜಾರದಾಗ ಒಂದೂ ಸಿಗಲಿಲ್ಲ ಮಾವ. ಬೆಸುಗಿ ತಡೀತದ ಅಂತ ತಿಳ್ಕೊಂಡೆ. ಈಗ ಎಲ್ಲಾರೂ ಹಿಂಗೇ ಮಾಡಾಕತ್ತಾರ."

"ಸಿಗಲಿಲ್ಲ ಅಂದಿದ್ರ ಮೋಟಾರ್ ನಿಲ್ಲಿಸ್ತಿದ್ದೆ. ಹೊಸಾದು ಅಂತ ಯಾಕ ಅಂದಿ?"

ಗುರುಲಿಂಗಪ್ಪ ತಲೆ ಎತ್ತಿದ. "ಫರ್ಸಿ ಮ್ಯಾಲ ಹೆಣ್ಮಕ್ಕಳನ್ನ ಕುಂದರಿಸಿದವ ನಾನಲ್ಲ. ಒಂದಿನಾರ ಹತ್ತಬ್ಯಾಡ್ರಿ ಅಂದೀರೇನು?"

ಮಾತು ನಿಜವಾಗಿದ್ದರಿಂದಲೇ ಆಳಕ್ಕೆ ಇಳಿಯಿತು.

ಗುರುಲಿಂಗಪ್ಪ ದನಿ ತಗ್ಗಿಸಿದ. "ಪೈಪ್ ತಾನಾಗೇ ಒಡೀತು ಅನ್ರಿ. ಅಕ್ಕನ ಮಾರಿ ನೋಡ್ರಿ, ಮಾವ."

ಸಾಯಬಣ್ಣ ಹೆಂಡತಿಯ ಮುಖ ನೋಡಿದ. ಅವಳಿಗಾಗಿ ಬಾಯಿ ಮುಚ್ಚಿಕೊಳ್ಳಲು ಅವನ ಮನಸ್ಸು ಅರ್ಧ ಒಪ್ಪಿತ್ತು.

"ನನ್ನ ಮಾರಿ ನೋಡಬ್ಯಾಡ್ರಿ," ಎಂದಳು ಸೂಗಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಇದಕ್ಕ ಬಣ್ಣಾ ಹಚ್ಚೋವಾಗ ಇವ ನನ್ನ ಮಾರಿ ನೋಡ್ಯಾನೇನು?"

ಗುರುಲಿಂಗಪ್ಪ ಚಪ್ಪಲಿ ಮೆಟ್ಟಿ ಹೊರಟುಹೋದ. ಯಾರೂ ಕರೆಯಲಿಲ್ಲ.

ಸಾಯಬಣ್ಣ ತಾನೇ ರೈಲು ಹತ್ತಿ ಹೈದರಾಬಾದಿಗೆ ಹೋದ. ಅಂಗಡಿ ಅಂಗಡಿ ಅಲೆದು ಪೈಪು ತಂದ. ಎರಡೂ ಬಾಯಿಗೆ ಕಣ್ಣಿಟ್ಟು, ಉದ್ದಕ್ಕೂ ಉಗುರಿನಿಂದ ಕೆರೆದು ನೋಡಿಯೇ ಕೊಂಡಿದ್ದ. ಅದನ್ನು ಜೋಡಿಸಿದ ಮೇಲೆ, ಈ ಬಾರಿ ಸೂಗಮ್ಮ ಸೀಟಿನಲ್ಲಿ ಕೂತು ಪೆಡಲು ಒತ್ತಿದಳು.

"ಒತ್ತು. ಹಿಡಿ. ಈಗ ಬಿಡು," ಎನ್ನುತ್ತಿದ್ದ ಅವನು ಗಾಲಿಯ ಬಳಿಯಿಂದ. ಪೈಪಿನೊಳಗಿನ ಗಾಳಿಗುಳ್ಳೆಗಳೆಲ್ಲ ಹೊರಬಂದು ಎಣ್ಣೆಯೊಂದೇ ಹರಿಯುವತನಕ ಬಿಡಲಿಲ್ಲ.

ಅಲ್ಲಿಂದ ಇಬ್ಬರೂ ಆಶಾಬಿಯ ಮನೆಗೆ ಹೋದರು. ಕಟ್ಟು ಹಾಕಿದ ಕಾಲು ಚಾಚಿ ಅವಳು ಗೋಡೆಗೊರಗಿದ್ದಳು. ಸಾಯಬಣ್ಣ ನಡೆದುದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದ. ಮೋಸ ಮಾಡಿದವನ ಹೆಸರನ್ನು ಮಾತ್ರ ಸೂಗಮ್ಮನೇ ಹೇಳಿದಳು: "ನನ್ನ ತಮ್ಮ."

"ಪೈಪಿನ ತಪ್ಪು ಅವಂದು. ಫರ್ಸಿ ಮ್ಯಾಲ ಕುಂದರಿಸಿದ ತಪ್ಪು ನಂದು," ಎಂದ ಸಾಯಬಣ್ಣ.

ಆಶಾಬಿ ಕಾಲಿನ ಕಟ್ಟನ್ನು ಸವರಿದಳು. "ನಾವು ಮೋಟಾರ್ ನಂಬಿ ಹತ್ತತಿರಲಿಲ್ಲಣ್ಣ," ಎಂದಳು. "ನಿಮ್ಮನ್ನ ನಂಬಿ ಹತ್ತತಿದ್ದೆವು."

ಆ ಸಂಜೆ ಖಣಿಯಲ್ಲಿ ಹಮಾಲರು ಫರ್ಸಿ ಹೇರಲು ಬಂದಾಗ ಸಾಯಬಣ್ಣ ಕೈ ಅಡ್ಡ ಹಿಡಿದ. "ಮೊದಲ ಹೆಣ್ಮಕ್ಕಳನ್ನ ಬಿಟ್ಟು ಬರ್ತೀನಿ. ಕಲ್ಲು ಆಮ್ಯಾಲ."

"ಪೆಟ್ರೋಲ್ ಸಿಗದ ಕಾಲದಾಗ ಎರಡು ಸಲಾ ಮೋಟಾರ್ ಹೊಡಿತೀರೇನು?" ಎಂದು ಒಬ್ಬ ನಕ್ಕ.

"ಹೂಂ, ಹೊಡಿತೀನಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅನುಮಾನಿಸುತ್ತಲೇ ಖಾಲಿ ಮೋಟಾರು ಹತ್ತಿ ಕೂತರು. ಇಳಿಜಾರಿನ ನೆತ್ತಿಯಲ್ಲಿ ಸಾಯಬಣ್ಣ ಪೆಡಲು ಒತ್ತಿದ. ಮೋಟಾರು ನಿಂತಿತು. ಅವನಿಗೆ ಸಾಲಲಿಲ್ಲ. ಸ್ವಲ್ಪ ಉರುಳಿಸಿ ಇನ್ನೊಮ್ಮೆ ಒತ್ತಿ ನೋಡಿ, ಆಮೇಲೆ ನಿಧಾನವಾಗಿ ಇಳಿಸಿದ.