ಉಂಗುರಗಳಿಗೆ ಕಲಾಯಿ

ಸಿಂಧನೂರಿನ ಬಸ್ಸಿನಿಂದ ಮಸ್ಕಿಯಲ್ಲಿ ಇಳಿದಾಗ ಶಾಹೀಸ್ತಾಳ ಕಂಕುಳಲ್ಲಿ ವೆಲ್ಡಿಂಗ್ ಅಂಗಡಿಯವರು ಮಾಡಿಕೊಟ್ಟ ಕಬ್ಬಿಣದ ಸ್ಟ್ಯಾಂಡ್ ಇತ್ತು. ಅದಕ್ಕೆ ಕೂರಿಸಬೇಕಾದ ಆ್ಯಂಟೆನಾ ಹಲಗೆಯನ್ನು ಬೆಳಿಗ್ಗೆ, ತಾಮ್ರದ ಪಾತ್ರೆಗಳಿಗೆ ತವರ ಹಚ್ಚುವ ಅಪ್ಪನ ಕಲಾಯಿ ಅಂಗಡಿಯಲ್ಲಿ ಇಟ್ಟು ಹೋಗಿದ್ದಳು. ಅದನ್ನೆತ್ತಿಕೊಂಡು ಮಧ್ಯಾಹ್ನದೊಳಗೆ ಲಿಂಗಸುಗೂರಿನ ಕಾಲೇಜು ಮುಟ್ಟಿದರೆ ಸಾಕು. ಹೊರಗಿನ ಪರೀಕ್ಷಕರು ಇವತ್ತೊಂದೇ ದಿನ ಇರುವವರು. ಅವರೆದುರು ಹಲಗೆಯ ಕೆಲಸ ಅಳೆದು ತೋರಿಸದಿದ್ದರೆ ಎಂ.ಟೆಕ್ ಇನ್ನೊಂದು ವರ್ಷ ಮುಂದಕ್ಕೆ.

ಟಿವಿ ಡಿಶ್ಶಿನ ಬಟ್ಟಲಿನಂತೆ ಬಾಗದೆ, ಚಪ್ಪಟೆಯಾಗಿದ್ದೇ ಡಿಶ್ಶಿನ ಕೆಲಸ ಮಾಡಬೇಕಾದ ಹಲಗೆ ಅದು. ಅದಕ್ಕೆಂದೇ ಮೈತುಂಬ ತಾಮ್ರದ ಉಂಗುರಗಳು, ಒಂದೊಂದೂ ಒಂದೊಂದು ಅಳತೆ. ಬಂದ ರೇಡಿಯೋ ಅಲೆಯನ್ನು ಪ್ರತಿ ಉಂಗುರವೂ ತುಸು ತಡೆದು ತಿರುಗಿಸಿದರೆ ಎಲ್ಲವೂ ಹೋಗಿ ಒಂದೇ ಕಡೆ ಕೂಡುತ್ತವೆ. ಒಂಟಿ ಉಂಗುರ ಕಿರಿದಾದ ತರಂಗಪಟ್ಟಿಯನ್ನಷ್ಟೇ ಹಿಡಿಯುತ್ತದೆಂದು ಅವಳು ಉಂಗುರದೊಳಗೊಂದು ಉಂಗುರವಿಟ್ಟು, ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿದ್ದಳು. ಪಟ್ಟಿಗೆ ಅಗಲ ಬಂದದ್ದು ಆ ಸಂದಿನಿಂದಲೇ.

ಅಂಗಡಿಯಲ್ಲಿ ಕಲಾಯಿಗೆಂದು ಬೋಗುಣಿ ತಂದಿದ್ದ ಕಸ್ತೂರೆಮ್ಮ ಕೂತಿದ್ದಳು.

"ಬಾರವ್ವ ಇಂಜಿನೇರಮ್ಮ! ನನ್ನ ಬೋಗುಣಿ ಮೂಲಿಗೆ ಸರಿಸಿ ನಿಮ್ಮಪ್ಪ ನಿಂದು ಮಾಡ್ಯಾನ. ಮಗಳ ಮುಂದ ಗಿರಾಕಿ ಯಾವ ಲೆಕ್ಕ?"

ಅಪ್ಪ ಅಲ್ಲಾಭಕ್ಷ್ ನಗುತ್ತ ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ.

"ಬರೇ ತಾಮ್ರ ಹಂಗ ಬಿಟ್ಟಿದ್ಯಲ್ಲ ಬೇಟಿ, ಹಸರಗಟ್ಟಿ ವಿಷ ಆಗ್ತದ. ಭಟ್ಟಿ ಮ್ಯಾಲ ಇಟ್ಟಿಲ್ಲ ಮತ್ತ, ನಾಜೂಕ ಐತಂತ ದೂರಿಂದ ಕಾಸೀನಿ. ಬಿಸ್ಮಿಲ್ಲಾ ಅಂದು ಒಂದೊಂದಕ್ಕೂ ತವರ ಒರಸೀನಿ. ನೋಡು, ಹೆಂಗ ಹೊಳ್ಯಾಕತ್ತಾವು!"

ಶಾಹೀಸ್ತಾಳಿಗೆ ಕಂಡದ್ದು ಬಿಳುಪು ಮಾತ್ರ. ಇದು ಬೇರೆ ಯಾರದೋ ಹಲಗೆ ಎಂದುಕೊಂಡಳು. ಮೂಲೆಯಲ್ಲಿ ತನ್ನದೇ ಹೆಸರಿತ್ತು. ಉಗುರಿನಿಂದ ಸಂದು ಹುಡುಕಿದಳು. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ತವರ ಸಂದಿಗಿಳಿದು ಎರಡೆರಡು ಉಂಗುರಗಳನ್ನು ಒಂದೇ ಮಾಡಿಬಿಟ್ಟಿತ್ತು. ಹಲಗೆ ಕಾವಿಗೆ ಹಪ್ಪಳದಂತೆ ಬಾಗಿತ್ತು. ಇನ್ನೊಂದು ಉಂಗುರದ ಮೇಲೆ ಉಗುರಾಡಿಸಿದಳು.

"ಖುಷಿಗೆ ಮಾತ ನಿಂತಾವ ಹುಡುಗೀಗಿ," ಎಂದಳು ಕಸ್ತೂರೆಮ್ಮ.

"ಹಿಂದಿಂದೂ ಮಾಡೀನಿ, ತಿರುವಿ ನೋಡು," ಎಂದ ಅಲ್ಲಾಭಕ್ಷ್, ಹೆಗಲ ವಸ್ತ್ರದಿಂದ ಹಲಗೆಯ ಅಂಚು ಒರೆಸುತ್ತ.

ಆಗಲೇ ಫೋನ್ ಬಂತು. ಕಾಲೇಜಿನ ಗೈಡ್ ಶಿವಕಾಂತ ಸರ್.

"ಎಲ್ಲಿದ್ದೀಯಮ್ಮ? ಪರೀಕ್ಷಕರು ಕಾಯಾಕತ್ಯಾರ."

ಅವಳು ಅಪ್ಪನ ಕೈಯನ್ನೇ ನೋಡಿದಳು. ಅದು ಇನ್ನೂ ಒರೆಸುತ್ತಲೇ ಇತ್ತು.

"ಸರ್, ಹಲಗಿ ಹಾಳಾಗ್ಯದ್ರಿ. ನಾನ ಸುಟ್ಟೆ. ಬೆಸುಗಿ ಹಾಕುವಾಗ ಕೈ ತಪ್ಪಿತು."

"ಏನಂದಿ? ಇನ್ನೊಂದು ಇಲ್ಲೇನು?"

"ಇಲ್ರಿ. ಮುಂದಿನ ವರ್ಷಾನ ಇನ್ನ."

ಒರೆಸುತ್ತಿದ್ದ ಕೈ ನಿಂತಿತು. ಅಲ್ಲಾಭಕ್ಷ್ ಹಲಗೆಯನ್ನು ನೋಡಿದ, ಮಗಳನ್ನು ನೋಡಿದ.

"ನಾ ಮಾಡಿದ್ದಕ್ಕ ಹಾಳಾತೇನ?"

ಅವಳು ಬಾಗಿದ ಅಂಚನ್ನು ಅಂಗೈಯಿಂದ ಮುಚ್ಚಿದಳು. ಕಸ್ತೂರೆಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಅವನು ಮಸಿ ಹತ್ತಿದ ಕೈಯನ್ನೇ ಚಾಚಿ ಮಗಳ ಕಿವಿಯಿಂದ ಫೋನ್ ತೆಗೆದುಕೊಂಡ.

"ಸಾಹೇಬ್ರ, ಆಕಿ ಸುಳ್ಳ ಹೇಳಾಕತ್ಯಾಳ. ಸುಟ್ಟಾವ ನಾನ್ರಿ."

"ನೀವ್ಯಾರ್ರಿ?"

"ಕಲಾಯಿ ಅಲ್ಲಾಭಕ್ಷ್ ರೀ," ಎಂದ. ಆಕೆಯ ಅಪ್ಪ ಎಂದು ಮಾತ್ರ ಹೇಳಿಕೊಳ್ಳಲಿಲ್ಲ.