ಕೆರೆಯ ತಗಡಿನ ದೋಣಿ

ನಾಗಮಂಗಲದ ಆಚೆ, ದೊಡ್ಡಕೆರೆಯ ಪಂಪ್‌ಹೌಸಿಗೆ ದೋಣಿ ಬಂದದ್ದು ಮರಿಯಯ್ಯನಿಂದ. ಅವನು ಸುತ್ತಲ ಹಳ್ಳಿಗಳಿಗೆ ಕುಡಿಯುವ ನೀರು ಬಿಡುವ ವಾಟರ್‌ಮನ್. ಪಂಪಿನ ಬಾಯಿಗೆ ಕಟ್ಟಿಕೊಳ್ಳುವ ಅಂತರಗಂಗೆ ಕಳೆಯನ್ನು ಈಜಿ ಈಜಿ ಕಿತ್ತು ಸಾಕಾಗಿ, ಕೆ.ಆರ್. ಪೇಟೆಯ ವೆಲ್ಡಿಂಗ್ ಶಾಪಿನಲ್ಲಿ ಇಬ್ಬರು ಕೂರುವಷ್ಟು ತಗಡಿನ ದೋಣಿ ಮಾಡಿಸಿದ. ಹಸಿರು ಬಣ್ಣ ತಾನೇ ಬಳಿದ. ಮಗಳು ಪ್ರಿಯಾಂಕಳನ್ನು ಕೂರಿಸಿಕೊಂಡು ಕೆರೆ ಸುತ್ತಿಸಿದ.

ಮುಂದಿನ ಮುಂಗಾರಿನಲ್ಲಿ ಒಂದು ಮಧ್ಯಾಹ್ನ ಬಿರುಗಾಳಿ ಬೀಸಿ ನಿಂತಿತು. ಸಂಜೆಗೆ ದೋಣಿಯೂ ಇಲ್ಲ, ಮರಿಯಯ್ಯನೂ ಇಲ್ಲ. ದಡದ ಕೆಸರಿನಲ್ಲಿ ಟ್ರಾಕ್ಟರಿನ ಗುರುತು ಕಂಡವರು, ದೋಣಿಯನ್ನು ಗುಜರಿಗೆ ಹಾಕಿ ಯಾರ ಜೊತೆಗೋ ಓಡಿಹೋದ ಎಂದರು. ಅಷ್ಟು ಚೆನ್ನಾಗಿ ಈಜುವವನು ಮುಳುಗುತ್ತಾನೆಯೇ ಎಂದು ಯಾರೂ ನೀರಿಗಿಳಿದು ಹುಡುಕಲಿಲ್ಲ. ಹೆಂಡತಿ ಕುಳ್ಳಮ್ಮನೂ ಅದನ್ನೇ ನಂಬಿದಳು. ತಾಳಿ ತೆಗೆಯಲಿಲ್ಲ. ಪ್ರಿಯಾಂಕಳ ಲಗ್ನಪತ್ರಿಕೆಯಲ್ಲಿ ಅಪ್ಪನ ಹೆಸರು ಬೇಡವೆಂದವಳೂ ಅವಳೇ.

ಹನ್ನೆರಡು ವರ್ಷ ಕಳೆದು, ಈ ಬೇಸಿಗೆಯಲ್ಲಿ ಕೆರೆ ತಳ ಕಂಡಿತು. ಈಗಿನ ವಾಟರ್‌ಮನ್ ಅಶೋಕ್ ಪೈಪನ್ನು ಆಳಕ್ಕೆ ಇಳಿಸಲು ಹೋದಾಗ ಕೆಸರಿನಲ್ಲಿ ತಗಡು ಕಾಲಿಗೆ ತಾಕಿತು. ಬೋರಲು ಬಿದ್ದಿದ್ದ ದೋಣಿ. ನಾಲ್ಕು ಜನ ಸೇರಿ ಮಗುಚಿದರು.

ಕೆಳಗೆ ಮೂಳೆಗಳಿದ್ದವು. ಕಾಲಿನ ಮೂಳೆಗೆ ಲಂಗರಿನ ನೈಲಾನ್ ಹಗ್ಗ ಸುತ್ತಿಕೊಂಡಿತ್ತು. ಹಿಡಿದಿದ್ದ ದೋಣಿಯನ್ನು ಎಲ್ಲರೂ ಒಟ್ಟಿಗೆ ಬಿಟ್ಟರು.

ಪೊಲೀಸರು ಕುಳ್ಳಮ್ಮನನ್ನು ಕರೆಸಿ, ಅಲ್ಲಿ ಸಿಕ್ಕ ಕಪ್ಪಾದ ಬೆಳ್ಳಿ ಉಡುದಾರ ತೋರಿಸಿದರು. ಹಿಂದೆ ಕೊಂಡಿ ಮುರಿದಾಗ ಅವಳೇ ಬಿಗಿದಿದ್ದ ತಾಮ್ರದ ತಂತಿ ಅದರಲ್ಲಿ ಹಾಗೇ ಇತ್ತು. ಅವಳು ಬಿರಿದ ಕೆಸರಿನ ಮೇಲೆಯೇ ಕುಳಿತುಬಿಟ್ಟಳು.

"ಇಲ್ಲೇ ಇದ್ರು ಕಣ್ಲಾ ಅಶೋಕ," ಎಂದಳು. "ಓಡೋದ್ರು ಅಂತ ದಿನಾ ಬೈತಿದ್ದೆ."

ಪಾಂಡವಪುರದಿಂದ ಬಂದ ಪ್ರಿಯಾಂಕ ದೋಣಿಯ ಹತ್ತಿರ ಹೋಗಲಾರದೆ ಕೆರೆ ಏರಿಯ ಮೇಲೆಯೇ ನಿಂತಳು. "ಈ ನೀರೇ ಕುಡುದು ಬೆಳದೆ ಕಣವ್ವ," ಎಂದು ಏರಿ ಹತ್ತಿ ಬಂದ ತಾಯಿಯ ಸೆರಗು ಹಿಡಿದಳು. ಆ ನೀರು ಕುಡಿಯದವರು ಅಲ್ಲಿ ಒಬ್ಬರೂ ಇರಲಿಲ್ಲ.

ಮೂಳೆಗಳನ್ನು ತಮ್ಮ ಹೊಲದ ಬದುವಿನಲ್ಲೇ ಮಣ್ಣು ಮಾಡಿದರು. ಓಡಿಹೋದ ಎಂದವರೇ ಮೊದಲ ಹಿಡಿ ಮಣ್ಣು ಹಾಕಲು ಬಂದಾಗ ಕುಳ್ಳಮ್ಮ ತಡೆಯಲಿಲ್ಲ, ಅವರ ಮುಖವನ್ನೂ ನೋಡಲಿಲ್ಲ.

ವಾರದ ಮೇಲೆ ಕೆರೆಯ ತಳದಲ್ಲಿ ಉಳಿದಿದ್ದ ನೀರು ನಲ್ಲಿಗೆ ಬಂತು. ನೆರೆಯವರು ಕ್ಯಾನ್ ನೀರು ತರಿಸಿದರು. ಕುಳ್ಳಮ್ಮ ಬಿಂದಿಗೆ ಇಟ್ಟು ತುಂಬಿಸಿದಳು. ಎತ್ತುವಾಗ ಅರ್ಧ ಚೆಲ್ಲಿತು. ಮತ್ತೆ ನಲ್ಲಿಯ ಕೆಳಗೆ ಇಟ್ಟಳು.